ಸಣ್ಣ ರೈಲಿಗೆ ದೃಷ್ಟಿ ತೆಗೆದದ್ದು

ನಮ್ಮಪ್ಪನಿಗೆ ಇಬ್ಬರು ಮಕ್ಕಳು. ಒಬ್ಬಳು ನಾನು, ಐಶ್ವರ್ಯ. ಇನ್ನೊಂದು ಹತ್ತಿ ಜಿನ್ನಿನ ಶೆಡ್ಡಿನಲ್ಲಿ ನಿಂತಿರುವ ಉಗಿ ಇಂಜಿನ್ನು. ಇಬ್ಬರಲ್ಲಿ ಯಾರ ಮೇಲೆ ಪ್ರೀತಿ ಹೆಚ್ಚು ಎಂದು ಕೇಳಿ ನಾನು ಮರ್ಯಾದೆ ಕಳೆದುಕೊಳ್ಳುವವಳಲ್ಲ. ನನ್ನ ಹುಟ್ಟುಹಬ್ಬ ಅಪ್ಪನಿಗೆ ಒಂದು ವರ್ಷವೂ ತಾನಾಗಿ ನೆನಪಾಗಿಲ್ಲ. ಬಾಯ್ಲರ್ ತೊಳೆಯುವ ದಿನ ಮಾತ್ರ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯ ಗುರುತು ಪಡೆದಿರುತ್ತದೆ.

ನಮ್ಮೂರು ಹೊಳೆಬಸಾಪುರ. ಮೇಡ್ಲೇರಿ ದಾಟಿ ತುಂಗಭದ್ರೆಯ ಕಡೆ ಇಳಿದರೆ ಸಿಗುತ್ತದೆ. ಸಿಗದಿದ್ದರೂ ಯಾರಿಗೂ ನಷ್ಟವಿಲ್ಲ ಎಂದು ರಾಣೆಬೆನ್ನೂರಿನ ಕಾಲೇಜಿನಲ್ಲಿ ನನ್ನ ಜೊತೆ ಪಾಠ ಮಾಡುವವರು ಕಾಡಿಸುತ್ತಾರೆ. ಮುತ್ತಜ್ಜ ಇಲ್ಲಿ ಹತ್ತಿಯ ಬೀಜ ಬಿಡಿಸುವ ಜಿನ್ನು ಹಾಕಿದ್ದರು. ಹತ್ತಿ ಹೊಳೆಯಾಚೆಯ ಊರುಗಳಿಂದ ದೋಣಿಯಲ್ಲಿ ಬರುತ್ತಿತ್ತು. ದಂಡೆಯಿಂದ ಜಿನ್ನಿಗೆ ಬರುವ ದಾರಿ ಮಾತ್ರ ಕರಿ ಎರೆಮಣ್ಣಿನದು. ಒಂದು ದೊಡ್ಡ ಮಳೆ ಬಿದ್ದರೆ ಎತ್ತು, ಗಾಡಿ, ಗಾಡಿ ಹೊಡೆಯುವವನು ಎಲ್ಲ ಒಂದೇ ಕಡೆ ಹೂತು ನಿಲ್ಲಬೇಕು. ಮುತ್ತಜ್ಜ ಹಟದ ಮನುಷ್ಯ. ಯಾವುದೋ ಗಣಿಯವರು ಬೇಡವೆಂದು ಬಿಟ್ಟ ಪುಟ್ಟ ಇಂಜಿನ್ನನ್ನೂ ಪುಟ್ಟ ಹಳಿಗಳನ್ನೂ ಕೊಂಡು ತಂದು ಹೊಳೆಯಿಂದ ಜಿನ್ನಿನವರೆಗೆ ಹಾಸಿಸಿಯೇ ಬಿಟ್ಟರು. ಹಳಿಗಳ ನಡುವೆ ಎರಡೇ ಅಡಿ ಅಂತರ. ರಾಣೆಬೆನ್ನೂರು ಸ್ಟೇಷನ್ನಿನ ರೈಲಿನ ಪಕ್ಕದಲ್ಲಿ ನಿಲ್ಲಿಸಿದರೆ ಎಮ್ಮೆಯ ಪಕ್ಕ ಆಡಿನ ಮರಿ ನಿಂತ ಹಾಗೆ. ಸುತ್ತಲಿನವರು ಸಣ್ಣ ರೈಲು ಎಂದು ಕರೆದರು, ಆ ಹೆಸರೇ ಉಳಿಯಿತು.

ಆಮೇಲೆ ಹೊಳೆಗೆ ಸೇತುವೆ ಆಯಿತು, ಲಾರಿಗಳು ಬಂದವು, ಅರವತ್ತರ ದಶಕದಲ್ಲಿ ಸಣ್ಣ ರೈಲು ನಿಂತಿತು. ಹಳಿಗಳನ್ನು ಯಾರೂ ಕೀಳಲಿಲ್ಲ. ಕೆಸರು ತುಳಿಯದೆ ಹೊಲಕ್ಕೆ ಹೋಗುವುದಕ್ಕೆ ಹೆಣ್ಣುಮಕ್ಕಳಿಗೆ ಅದೊಂದು ಒಳ್ಳೆಯ ದಾರಿಯಾಗಿತ್ತು. ಇಂಜಿನ್ನು ಶೆಡ್ಡಿನಲ್ಲೇ ಉಳಿಯಿತು. ನಾನು ಚಿಕ್ಕವಳಿದ್ದಾಗ ಜಿನ್ನಿನ ಕಾವಲುಗಾರನ ಕೋಳಿಗಳು ಅದರ ಬೆಂಕಿಗೂಡಿನಲ್ಲಿ ಕಾವು ಕೂರುತ್ತಿದ್ದವು. ಬಹಳ ವರ್ಷಗಳವರೆಗೆ ನಾನು ಅದನ್ನು ಚಕ್ರವಿರುವ ಕೋಳಿಗೂಡು ಎಂದೇ ತಿಳಿದಿದ್ದೆ.

ಆ ಕೋಳಿಗಳನ್ನು ಎಬ್ಬಿಸಿದವರು ಅಪ್ಪ, ಸಿದ್ದಲಿಂಗಪ್ಪ. ಊಟಿಯ ಕಡೆ ಪ್ರವಾಸ ಹೋದಾಗ ಅಲ್ಲಿಯ ಪುಟ್ಟ ರೈಲಿಗೆ ಜನ ಸಾಲು ನಿಂತದ್ದನ್ನು ನೋಡಿ ಬಂದವರು ಮನೆಯಲ್ಲಿ ಚೀಲ ಇಡುವುದಕ್ಕೂ ಮೊದಲು ಶೆಡ್ಡಿಗೆ ಹೋದರು. ಅಂದಿನಿಂದ ನಮ್ಮ ಮನೆಯಲ್ಲಿ ಬೇರೆ ಮಾತಿಲ್ಲ. ರಾಣೆಬೆನ್ನೂರಿನಲ್ಲಿ ಮನೆ ಮಾಡಿಕೊಂಡಿದ್ದ ಅಣ್ಣಾಜಿ ಎಂಬ ನಿವೃತ್ತ ಡ್ರೈವರನ್ನು ಹುಡುಕಿ ತಂದರು. ಅಣ್ಣಾಜಿ ಹುಬ್ಬಳ್ಳಿಯಿಂದ ಮೀಟರ್ ಗೇಜಿನಲ್ಲಿ ಉಗಿ ಇಂಜಿನ್ ಓಡಿಸಿದವರು. ಬಾಯಿ ಬಿಟ್ಟರೆ ಬೈಗಳು, ಕೈ ಮಾತ್ರ ಬಂಗಾರ. ಜೀವನವಿಡೀ ಕಲ್ಲಿದ್ದಲ ಹೊಗೆ ಕುಡಿದದ್ದರಿಂದ ಅವರ ಮೂಗು ಸತ್ತೇಹೋಗಿತ್ತು. ನಮ್ಮಲ್ಲಿ ಊಟಕ್ಕೆ ಕೂತಾಗ ಹಳಸಿದ ಸಾರನ್ನೂ ಹೊಗಳಿ ಇನ್ನೊಮ್ಮೆ ಹಾಕಿಸಿಕೊಂಡದ್ದನ್ನು ನಾನೇ ಕಂಡಿದ್ದೇನೆ. ಅವರೂ ಅಪ್ಪನೂ ಸೇರಿ ವರ್ಷಗಟ್ಟಲೆ ಆ ಇಂಜಿನ್ನಿನ ಹೊಟ್ಟೆಯೊಳಗೇ ಬದುಕಿದರು. ವೆಲ್ಡಿಂಗ್ ಅಂಗಡಿಯಲ್ಲಿ ಎರಡು ಡಬ್ಬಿ ಮಾಡಿಸಿದರು. ಮೇಲೆ ತಗಡು, ಒಳಗೆ ಬೆಂಚು, ಎರಡೂ ಕಡೆ ಬಯಲು, ಗಾಳಿಗೆ ಬರವಿಲ್ಲ. ಬಾಯ್ಲರಿನ ತಪಾಸಣೆಯವರು ಬಂದು ಸೈ ಎಂದ ದಿನ ಅಪ್ಪ ಮನೆಯಲ್ಲಿ ಹೋಳಿಗೆ ಮಾಡಿಸಿದರು. ನಾನು ಪಿ.ಎಚ್‌.ಡಿ. ಮುಗಿಸಿದ ದಿನ ಶಿರಾ ಆಗಿತ್ತು, ಅಷ್ಟೇ.

ಇದಕ್ಕೆಲ್ಲ ಅಡ್ಡ ಒಬ್ಬರಿದ್ದರು. ಅಪ್ಪನ ತಮ್ಮ ಮಾಲತೇಶಪ್ಪ, ನನ್ನ ಕಾಕಾ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರ. ಜಿನ್ನು, ಜಾಗ, ಹಳಿ, ಇಂಜಿನ್ನು ಎಲ್ಲದರಲ್ಲೂ ಅವರದು ಅರ್ಧ ಪಾಲು. ಇಂಜಿನ್ನು, ಹಳಿ ಗುಜರಿಗೆ ಹಾಕಿ ಆ ಜಾಗದಲ್ಲಿ ಕೋಲ್ಡ್ ಸ್ಟೋರೇಜ್ ಕಟ್ಟಬೇಕೆಂಬುದು ಅವರ ಆಸೆ. ಬುದ್ಧಿವಂತರ ಆಸೆಯೇ ಅದು, ಅದಕ್ಕೇ ನನಗೆ ಹೆಚ್ಚು ಸಿಟ್ಟು ಬರುತ್ತಿತ್ತು.

“ಬ್ಯಾಡಗ್ಯಾಗ ಕಾಯಿ ಇಡಾಕ ಜಾಗಾ ಸಿಗವಲ್ದಣ್ಣಾ,” ಎನ್ನುತ್ತಿದ್ದರು. “ಇಲ್ಲಿ ನೋಡಿದ್ರ ಇಷ್ಟ ದೊಡ್ಡ ಜಾಗಾದಾಗ ಒಂದ ತುಕ್ಕಿನ ಗುಡ್ಡಿ ಕುಂತೈತಿ.”

“ತುಕ್ಕ ಎಲ್ಲಾ ತಗದೇನಲೋ. ಒಮ್ಮೆರ ಬಂದ ನೋಡ,” ಎನ್ನುತ್ತಿದ್ದರು ಅಪ್ಪ.

“ಬಣ್ಣ ಹಚ್ಚಿದ್ರ ಗುಜರಿ ಮದಲಿಂಗ ಆಗತೈತೇನು?”

ಕಾಕಾ ಆ ಶೆಡ್ಡಿನೊಳಗೆ ಕಾಲಿಡುತ್ತಿರಲಿಲ್ಲ. ಅದರ ಹಿಂದೊಂದು ಕತೆಯಿದೆ ಎಂದು ಅಜ್ಜಿ ಗದಿಗೆವ್ವ ನಗುತ್ತ ಹೇಳುತ್ತಿದ್ದಳು. ರೈಲು ಓಡುತ್ತಿದ್ದ ಕಾಲದಲ್ಲಿ ಅಜ್ಜ ಸಂಜೆ ಸಂಜೆ ದೊಡ್ಡ ಮಗನನ್ನು ಇಂಜಿನ್ನಿನಲ್ಲಿ ತನ್ನ ಪಕ್ಕ ನಿಲ್ಲಿಸಿಕೊಂಡು ಹೊಳೆಗೆ ಹೋಗುತ್ತಿದ್ದನಂತೆ. ಸಣ್ಣವನು ಅತ್ತರೆ ಅವನನ್ನು ಎತ್ತಿ ಕೊನೆಯ ಡಬ್ಬಿಯ ಹತ್ತಿಯ ಮೇಲೆ ಕೂರಿಸುತ್ತಿದ್ದನಂತೆ. ಏಳು ವರ್ಷ ತುಂಬಲಿ, ನಿನ್ನನ್ನೂ ಇಂಜಿನ್ ಹತ್ತಿಸುತ್ತೇನೆ ಎಂದು ಮಾತು ಕೊಟ್ಟಿದ್ದ. ಏಳು ತುಂಬುವುದಕ್ಕೆ ಮೊದಲೇ ರೈಲು ನಿಂತುಹೋಯಿತು. “ಹತ್ತ್ಯಾಗ ಕುಂತು ಹತ್ತೀ ಗೊಂಬಿ ಆಗಿ ಮನೀಗೆ ಬರತಿತ್ತ ಕೂಸು,” ಎಂದು ಅಜ್ಜಿ ನಗುತ್ತಿದ್ದಳು. ನಾವೂ ನಗುತ್ತಿದ್ದೆವು.

ಅಣ್ಣ ತಮ್ಮಂದಿರ ಜಗಳ ಮಾತು ಬಿಡುವ ಹಂತಕ್ಕೆ ಬಂದಾಗ ತೀರ್ಮಾನ ಮಾಡಿದವಳೂ ಅಜ್ಜಿಯೇ. ಹಾವೇರಿಯ ಪ್ರವಾಸೋದ್ಯಮ ಕಚೇರಿಯಿಂದ ಭಾನುವಾರದ ಒಂದು ಬಸ್ಸು ಶುರುವಾಗುವುದರಲ್ಲಿತ್ತು. ರಾಣೆಬೆನ್ನೂರಿನ ಕೃಷ್ಣಮೃಗ ತೋರಿಸಿ ಜನರನ್ನು ಇನ್ನೆಲ್ಲಿಗೆ ಕರೆದೊಯ್ಯಬಹುದು ಎಂದು ಅವರು ಹುಡುಕುತ್ತಿದ್ದರು. ಅಪ್ಪ ಅರ್ಜಿ ಹಾಕಿದ್ದರು. ಅಲ್ಲಿಯ ಅಧಿಕಾರಿ ಧನಶ್ರೀ ಮೇಡಂ ಒಂದು ಬಸ್ಸು ಜನರನ್ನು ಕರೆದುಕೊಂಡು ಬಂದು ರೈಲಿನಲ್ಲಿ ಕೂತು ನೋಡುತ್ತೇನೆ ಎಂದು ಒಪ್ಪಿದ್ದರು.

“ಹೊರಗಿನವರ ಹೇಳಲಿ,” ಎಂದಳು ಅಜ್ಜಿ. “ಆ ಮೇಡಂ ಬಾಯಾರು ಹೂಂ ಅಂದ್ರ ರೈಲ ಇರಲಿ, ಮಾಲತೇಶಾ, ನೀ ಮತ್ತ ಆ ಮಾತ ತಗೀಬಾರ್ದು. ಉಹೂಂ ಅಂದ್ರ ಸಿದ್ದಲಿಂಗಾ, ನೀ ಅಡ್ಡ ಬರಬಾರ್ದು.”

ಇಬ್ಬರೂ ಒಪ್ಪಿದರು. ಕಾಕಾ ಅಂದೇ ಗುಜರಿ ಸಾಗಿಸಲು ಗುತ್ತಲದ ಗುಡ್ಡಪ್ಪ ಎಂಬವನ ಲಾರಿಗೆ ಹೇಳಿಟ್ಟರು. ಭಾನುವಾರ ಮೇಡಂ ಬರುವುದು, ಸೋಮವಾರ ಲಾರಿ ಬರುವುದು. ಅಷ್ಟು ಅವಸರ ಏನಿತ್ತೋ ಎಂದು ನಾನು ಕಾಕಾನಿಗೆ ಎರಡು ದಿನ ಚಹಾ ಕೊಡಲಿಲ್ಲ.

ಅದು ಎರಡು ಸಾವಿರದ ಎಂಟರ ಫೆಬ್ರವರಿ. ಮೆಣಸಿನಕಾಯಿಯ ಸುಗ್ಗಿ. ಭಾನುವಾರ ಬೆಳಿಗ್ಗೆ ಬಸ್ಸಿನಿಂದ ಇಳಿದ ಧನಶ್ರೀ ಮೇಡಂ ನನಗಿಂತ ಸ್ವಲ್ಪ ದೊಡ್ಡವರು, ಹತ್ತಿ ಸೀರೆ, ಕೈಯಲ್ಲಿ ಹೂವಿನ ಕೊಡೆ, ಮುಖದ ಮೇಲೆ ಸುಮ್ಮನೆ ನಗುವ ಚಾಳಿಯಿಲ್ಲ. ಜೊತೆಗೆ ಕಚೇರಿಯವರು, ಅವರ ಮನೆಯವರು, ನಾಲ್ಕಾರು ಮೇಷ್ಟ್ರುಗಳು. ಇಂಜಿನ್ನು ಹಸಿರು ಬಣ್ಣ ಹೊಡೆಸಿಕೊಂಡು, ಹಿತ್ತಾಳೆಯ ಪಟ್ಟಿ ಫಳಫಳ ಮಾಡಿಕೊಂಡು, ಮೂಗಿನ ಮೇಲೆ ಚೆಂಡುಹೂವಿನ ಮಾಲೆ ಹಾಕಿಕೊಂಡು ಸುಯ್ ಎನ್ನುತ್ತ ನಿಂತಿತ್ತು. ಮೇಡಂ ಅದನ್ನು ನೋಡಿದ ತಕ್ಷಣ ಕೊಡೆ ಮಡಚಿದರು. ಒಳ್ಳೆಯ ಲಕ್ಷಣ ಎಂದುಕೊಂಡೆ.

“ಎಷ್ಟ ಚಂದ ಅದರಿ ಇದು,” ಎಂದರು.

ಈ ಮಾತು ಅಜ್ಜಿಯ ಕಿವಿಗೆ ಬಿತ್ತು. ಅಲ್ಲಿಂದ ಶುರುವಾಯಿತು.

ಅಷ್ಟು ಜನ ಚಂದ ಚಂದ ಎಂದ ಮೇಲೆ ದೃಷ್ಟಿ ತಾಗದೆ ಇರುತ್ತದೆಯೇ? ಅಜ್ಜಿ ಮನೆಯಿಂದ ಬರುವಾಗಲೇ ಸೆರಗಿನಲ್ಲಿ ಉಪ್ಪು, ಒಣ ಮೆಣಸಿನಕಾಯಿ ಕಟ್ಟಿಕೊಂಡು ತಯಾರಾಗಿ ಬಂದಿದ್ದಳು. ಕೂಸಿಗೆ ದೃಷ್ಟಿ ತೆಗೆಯುವುದಾದರೆ ಮುಷ್ಟಿಯನ್ನು ಕೂಸಿನ ಸುತ್ತ ತಿರುಗಿಸಿದರೆ ಸಾಕು. ಇಂಜಿನ್ನಿನ ಸುತ್ತ ಕೈ ತಿರುಗಿಸುವುದು ಹೇಗೆ? ಅಜ್ಜಿ ತಾನೇ ಅದರ ಸುತ್ತ ಸುತ್ತಿದಳು, ಮಂಡಿನೋವಿನ ಕಾಲೆಳೆಯುತ್ತ, ನಾಯಿ ಕಣ್ಣು ನರಿ ಕಣ್ಣು ಎಂದು ಮಣಮಣಿಸುತ್ತ. ಜಾಲಿ ಕಟ್ಟಿಗೆ ಉರಿಸಿ ಉಗಿ ತುಂಬಿಸಿಕೊಂಡು ಕಾದಿದ್ದ ಅಣ್ಣಾಜಿ ಹಲ್ಲು ಕಡಿಯುತ್ತಿದ್ದರು. ಆದರೆ ಅವರಾಡುವ ಬೈಗಳೆಲ್ಲ ಅಜ್ಜಿಯ ಮುಂದೆ ಗಂಟಲಲ್ಲೇ ಉಳಿಯುತ್ತಿದ್ದವು. ಸುತ್ತು ಮುಗಿಸಿ ಅಜ್ಜಿ ಮುಷ್ಟಿಯಲ್ಲಿದ್ದುದನ್ನು ಬೆಂಕಿಗೂಡಿಗೆ ಎಸೆದು ಮೂಗು ಮುಂದೆ ಮಾಡಿ ನಿಂತಳು.

ನಮ್ಮ ಕಡೆ ಇದರ ಲೆಕ್ಕ ಎಲ್ಲರಿಗೂ ಗೊತ್ತು. ಬೆಂಕಿಗೆ ಬಿದ್ದ ಮೆಣಸಿನಕಾಯಿ ಘಾಟು ಎಬ್ಬಿಸಿದರೆ ದೃಷ್ಟಿ ಇಲ್ಲ. ಘಾಟು ಬರಲಿಲ್ಲವೋ, ದೃಷ್ಟಿ ಆಗಿದೆ. ಘಾಟು ಬರುವವರೆಗೂ ತೆಗೆಯುತ್ತಲೇ ಇರಬೇಕು.

ಘಾಟು ಬರಲಿಲ್ಲ. ಇನ್ನೊಂದು ಮುಷ್ಟಿ ಹಾಕಿದಳು. ಆಗಲೂ ಇಲ್ಲ.

“ಯಪ್ಪಾ, ಭಾಳ ದೊಡ್ಡ ದೃಷ್ಟಿ ಆಗೇತಿ,” ಎಂದಳು ಅಜ್ಜಿ, ಗಾಬರಿಯಾಗಿ.

ಅಷ್ಟು ಹೊತ್ತು ದೂರದಲ್ಲಿ ಕಾರಿಗೆ ಒರಗಿ ನಿಂತಿದ್ದ ಕಾಕಾ ಈಗ ಬಾಯಿ ಹಾಕಿದರು. ವ್ಯಾಪಾರಿಗೆ ಸರಕಿನ ಮಾತು ಬಂದರೆ ಸುಮ್ಮನಿರಲಾಗುತ್ತದೆಯೇ? “ಅದು ಬ್ಯಾಡಗಿ ಕಾಯಿ ಐತೆವಾ. ಬಣ್ಣಕ್ಕ ಹೇಳಿ ಮಾಡಿಸಿದ್ದು, ಖಾರ ಎಲ್ಲಿಂದ ಬರಬೇಕು? ಘಾಟ ಬೇಕಂದ್ರ ಗುಂಟೂರ ಕಾಯಿ ಬೇಕು.”

“ಐತೇನು?”

“ಸ್ಯಾಂಪಲ್ ಚೀಲ ಡಿಕ್ಕ್ಯಾಗ ಐತಿ.”

“ತಾ ಮತ್ತ. ನೋಡಕೋತ ನಿಂತಿಯಲ್ಲ.”

ಸ್ಯಾಂಪಲ್ ಎಂದರೂ ಚೀಲ ದಿಂಬಿನಷ್ಟು ದಪ್ಪ ಇತ್ತು. ಅಷ್ಟರಲ್ಲಿ ಅಣ್ಣಾಜಿ, ಇನ್ನು ತಡ ಮಾಡಿದರೆ ಉಗಿ ಹೊರಗೆ ಬಿಡಬೇಕಾಗುತ್ತದೆ ಎಂದು ಅಪ್ಪನ ಮೇಲೆ ಹರಿಹಾಯ್ದರು. ಅಜ್ಜಿ ತಾನು ಇಂಜಿನ್ನಿನಲ್ಲೇ ಕೂತು ದಾರಿಯುದ್ದಕ್ಕೂ ದೃಷ್ಟಿ ತೆಗೆಯುತ್ತೇನೆ ಎಂದಳು. ಅವಳನ್ನು ಹಿಡಿದುಕೊಳ್ಳುವುದಕ್ಕೆ ಒಬ್ಬರು ಬೇಕಲ್ಲ.

“ಹತ್ತ ಮಾಲತೇಶಾ.”

“ಅಣ್ಣ ಹತ್ತಲೇಳು.”

“ಅಂವ ಬಂದ ಮಂದೀನ ನೋಡಕೋಬೇಕು. ನೀ ಹತ್ತು.”

ಕಾಕಾ ಇಂಜಿನ್ನಿನ ಮೆಟ್ಟಿಲನ್ನು ಒಂದು ಗಳಿಗೆ ನೋಡಿದರು. ಆಮೇಲೆ ಚಪ್ಪಲಿ ಬಿಟ್ಟು ಹತ್ತಿದರು. ಬೂದಿ, ಎಣ್ಣೆ, ಮಸಿ ಇರುವ ಜಾಗಕ್ಕೆ ಯಾರಾದರೂ ಚಪ್ಪಲಿ ಬಿಟ್ಟು ಹತ್ತುತ್ತಾರೆಯೇ ಎಂದು ನಾನು ಒಳಗೊಳಗೇ ನಕ್ಕೆ.

ನಾನು ಗಾರ್ಡು. ಹಿಂದಿನ ಡಬ್ಬಿಯ ತುದಿಯಲ್ಲಿ ನಿಂತು ಹಸಿರು ನಿಶಾನೆ ಬೀಸಿದೆ. ಸಣ್ಣ ರೈಲು ಒಮ್ಮೆ ಜಗ್ಗಿ, ಇನ್ನೊಮ್ಮೆ ಜಗ್ಗಿ, ಹೊರಟಿತು. ನಾನು ನಿಜ ಹೇಳುತ್ತೇನೆ, ಎಷ್ಟು ಬೈದಿದ್ದರೂ ಆ ಕ್ಷಣ ಮೈ ಝುಂ ಎಂದಿತು. ಎರಡೂ ಕಡೆ ಗೋವಿನಜೋಳ, ಕಬ್ಬು, ನೀರು ಹಾಯಿಸುತ್ತಿದ್ದವರು ಸಲಿಕೆ ಬಿಟ್ಟು ಕೈ ಬೀಸಿದರು. ಕಾಲುಹಾದಿಯಲ್ಲಿ ಹೋಗುತ್ತಿದ್ದ ಮುದುಕನೊಬ್ಬ ನಮ್ಮ ಜೊತೆಗೇ ನಡೆದು, ನಮಗಿಂತ ಮುಂದೆ ಹೋಗಿ, ಕಾದು ನಿಂತು ಮಾತಾಡಿಸಿದ. ಡಬ್ಬಿಯೊಳಗೆ ಒಬ್ಬ ಮೇಷ್ಟ್ರು ಹಾಡು ಶುರುಮಾಡಿದರು. ಅಪ್ಪ ಮೇಡಂ ಪಕ್ಕ ನಿಂತು, ಅದು ಮುತ್ತಜ್ಜ ನೆಟ್ಟ ಹುಣಸೆಮರ, ಇದು ದನ ಅಡ್ಡ ಬಂದು ರೈಲು ನಿಂತಿದ್ದ ಜಾಗ ಎಂದು ಹೇಳುತ್ತಿದ್ದರು. ಮೇಡಂ ಒಂದು ಸಲ ನಕ್ಕರು. ಅಪ್ಪ ತಿರುಗಿ ನನ್ನನ್ನು ನೋಡಿದರು. ಅವರ ಮುಖ ಹೇಗಿತ್ತೆಂದರೆ, ನನ್ನ ಎಲ್ಲ ಹುಟ್ಟುಹಬ್ಬಗಳನ್ನೂ ಮಾಫಿ ಮಾಡಿಬಿಟ್ಟೆ.

ಒಂದೇ ಕಿರಿಕಿರಿಯೆಂದರೆ ಸೀಟಿ. ಹೊರಟಾಗಿನಿಂದ ಸೀಟಿ ಕೂಗುತ್ತಲೇ ಇತ್ತು. ದನ ಕಂಡರೂ ಕೂಗು, ಕಾಗೆ ಕಂಡರೂ ಕೂಗು, ಏನೂ ಕಾಣದಿದ್ದರೂ ಕೂಗು. ಅಣ್ಣಾಜಿಗೆ ಇವತ್ತು ತಲೆ ಕೆಟ್ಟಿದೆ ಎಂದುಕೊಂಡೆ.

ಹೊಳೆಗೆ ಅರ್ಧ ದಾರಿಯಲ್ಲಿ ಒಂದು ದಿಬ್ಬ. ಮುತ್ತಜ್ಜ ಅದನ್ನು ನಡುವೆ ಕಡಿಸಿ ಹಳಿ ಹಾಯಿಸಿದ್ದರು. ಎರಡೂ ಕಡೆ ಗೋಡೆಯ ಹಾಗೆ ಮಣ್ಣು, ನಡುವೆ ರೈಲು ತೂರುವಷ್ಟೇ ಜಾಗ. ಅಲ್ಲಿ ಏರು ಇರುವುದರಿಂದ ಇಂಜಿನ್ನು ಏದುಸಿರು ಬಿಡುತ್ತ ಹೋಗುತ್ತದೆ, ಹೊಗೆ ಮೇಲೆ ಹೋಗಲು ದಾರಿಯಿಲ್ಲದೆ ಡಬ್ಬಿಗಳ ಮೇಲೆ ಕೂರುತ್ತದೆ.

ಮೊದಲು ಸೀನಿದವರು ಹಾಡುತ್ತಿದ್ದ ಮೇಷ್ಟ್ರು. ಪಲ್ಲವಿಯ ನಡುವೆ ಸೀನಿ, ಕ್ಷಮಿಸಿ ಎಂದು, ಮತ್ತೆ ಶುರುಮಾಡಿ, ಮತ್ತೆ ಸೀನಿದರು. ಆಮೇಲೆ ಅವರ ಹೆಂಡತಿ. ಆಮೇಲೆ ಸಾಲಾಗಿ ಎಲ್ಲರೂ. ನನ್ನ ಮೂಗಿಗೆ ಬಂದಾಗಲೇ ನನಗೆ ತಿಳಿಯಿತು. ಮನೆಯಲ್ಲಿ ಒಗ್ಗರಣೆ ಸೀದಾಗ ಬರುವುದಲ್ಲ, ಅದರ ನೂರು ಪಟ್ಟು. ಗಂಟಲಿಗೆ ಯಾರೋ ಖಾರದಪುಡಿ ಊದಿದ ಹಾಗಾಯಿತು. ಹೆಂಗಸರು ಸೆರಗು ಮುಚ್ಚಿಕೊಂಡರು, ಗಂಡಸರು ಟವೆಲು ಮುಚ್ಚಿಕೊಂಡರು, ಮೇಡಂ ಕೊಡೆ ಬಿಚ್ಚಿ ಮುಖಕ್ಕೆ ಅಡ್ಡ ಹಿಡಿದರು. ಕೊಡೆಯ ಹಿಂದಿನಿಂದ ಸೀನು ಕೇಳುತ್ತಿತ್ತು, ಮೇಡಂ ಕಾಣುತ್ತಿರಲಿಲ್ಲ. ನಾನು ಕೆಂಪು ನಿಶಾನೆ ಬೀಸಿದೆ, ಕೂಗಿದೆ, ಕೂಗುತ್ತ ಕೆಮ್ಮಿದೆ. ಇಂಜಿನ್ನಿನಿಂದ ಯಾರೂ ಹಿಂದೆ ನೋಡಲಿಲ್ಲ. ನಮ್ಮ ಕೂಗನ್ನೆಲ್ಲ ಸೀಟಿ ನುಂಗಿಹಾಕಿತು. ಕೂ ಎಂದು ದಿಬ್ಬದುದ್ದಕ್ಕೂ, ಕೂ ಎಂದು ಇಳಿಜಾರಿನುದ್ದಕ್ಕೂ.

ರೈಲು ನಿಂತದ್ದು ಹೊಳೆಯ ದಂಡೆಯಲ್ಲೇ. ನಿಲ್ಲುವ ಮೊದಲೇ ಜನ ಹಾರಿಕೊಂಡು ನೀರಿನ ಕಡೆ ಓಡಿದರು. ತುಂಗಭದ್ರೆಯಲ್ಲಿ ಆ ಹೊತ್ತಿಗೆ ಮೊಣಕಾಲು ಮುಳುಗುವಷ್ಟೇ ನೀರು. ಹಾವೇರಿಯಿಂದ ಪ್ರವಾಸ ಬಂದವರೆಲ್ಲ ಅದರಲ್ಲಿ ಸಾಲಾಗಿ ಬಗ್ಗಿ ಮುಖ ತೊಳೆಯುತ್ತಿದ್ದರು. ಅಪ್ಪ ಮಜ್ಜಿಗೆಯ ಕೊಡ ಹಿಡಿದುಕೊಂಡು ಒಬ್ಬೊಬ್ಬರ ಹಿಂದೆಯೂ ಓಡಾಡಿದರು. ಅವರ ಮುಖದಲ್ಲೂ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

ಮೇಡಂ ಎರಡು ಲೋಟ ಮಜ್ಜಿಗೆ ಕುಡಿದು ಸಾವರಿಸಿಕೊಂಡು ಅಪ್ಪನನ್ನು ಕರೆದರು. ಸಿಟ್ಟಿನಿಂದ ಮಾತಾಡಿದ್ದರೆ ಚೆನ್ನಾಗಿತ್ತು, ಅವರು ಮೆತ್ತಗೆ ಮಾತಾಡಿದರು.

“ನಿಮ್ಮ ರೈಲು ಖರೇನ ಛಲೋ ಅದ ಸಿದ್ದಲಿಂಗಪ್ಪನವರ. ನಾ ಸುಳ್ಳು ಹೇಳಂಗಿಲ್ಲ. ಆದ್ರ ಇವತ್ತು ಇಷ್ಟು ಮಂದಿಗೆ ತ್ರಾಸ ಆತು. ಮಕ್ಕಳು, ವಯಸ್ಸಾದವರು ಬರೋ ಬಸ್ಸು ನಮ್ಮದು. ಹ್ಯಾಂಗ ಬರೀಲಿ ಹೇಳ್ರಿ? ಈ ವರ್ಷ ಬ್ಯಾಡ. ಮುಂದಿನ ವರ್ಷ ಮತ್ತ ನೋಡೋಣ.”

“ಆತ್ರಿ,” ಎಂದರು ಅಪ್ಪ. ಅಷ್ಟೇ. ಮುಂದಿನ ವರ್ಷ ನೋಡಲು ರೈಲು ಇರುವುದಿಲ್ಲ ಎಂದು ಅವರು ಮೇಡಂಗೆ ಹೇಳಲಿಲ್ಲ. ಕೊಡವನ್ನು ಮರಳಿನ ಮೇಲಿಟ್ಟು, ಬಗ್ಗಿ ಅದರ ತಳಕ್ಕೆ ಒಂದು ಕಲ್ಲು ಒತ್ತುಕೊಟ್ಟು ನಿಲ್ಲಿಸಿದರು.

ನಾನು ನೆಟ್ಟಗೆ ಇಂಜಿನ್ನಿನ ಹತ್ತಿರ ಹೋದೆ. ಕಾಕಾ ಅಜ್ಜಿಯನ್ನು ಕೆಳಗಿಳಿಸುತ್ತಿದ್ದರು. “ಏನಾತವಾ ಎಲ್ಲಾರಿಗೂ? ಯಾಕ ನೀರಿಗೆ ಬಿದ್ದಾರ?” ಎಂದು ಅಜ್ಜಿ ಕೇಳುತ್ತಿದ್ದಳು.

“ಕಾಕಾ, ಬೇಕಂತ ಮಾಡೀರಿ ನೀವು,” ಎಂದೆ. “ಅಜ್ಜೀ ಕೈಯಾಗ ಗುಂಟೂರ ಕಾಯಿ ಕೊಟ್ಟು ಕೆಲಸ ಕೆಡಿಸಿದ್ರಿ. ಈಗ ಸಮಾಧಾನ ಆತೇನ್ರಿ? ನಾಳೆ ಲಾರಿ ಬರತೈತಿ, ಹೇರಿ ಕಳಸ್ರಿ.”

ಕಾ‌ಕಾ ತಿರುಗಿದರು. ಕಣ್ಣು ಕೆಂಪಗಾಗಿ, ಮಸಿ ಮೆತ್ತಿದ ಕೆನ್ನೆಯ ಮೇಲೆ ಎರಡು ಗೆರೆ ತೊಳೆದುಹೋಗಿದ್ದವು.

“ಹುಚ್ಚೀ, ನಾ ಯಾಕ ಬೇಕಂತ ಮಾಡ್ಲಿ? ಅವ್ವ ಬೇಡಿದ್ಲು, ಕೊಟ್ಟೆ,” ಎಂದರು. “ನನ್ನ ಕಣ್ಣ ನೋಡು. ನನಗೂ ಘಾಟ ಹತ್ತೇತಿ.”

ಆ ಕಣ್ಣು ನೋಡಿ ನಂಬಿದೆ. ಸಿಟ್ಟು ಅರ್ಧಕ್ಕೆ ನಿಂತ ಸೀನಿನ ಹಾಗೆ ಮೂಗಿನಲ್ಲೇ ಉಳಿಯಿತು.

ಬಸ್ಸು ರಸ್ತೆಯಿಂದ ಸುತ್ತಿಕೊಂಡು ಹೊಳೆಗೆ ಬಂದಿತ್ತು. ಬಂದವರೆಲ್ಲ ಅದರಲ್ಲೇ ಹತ್ತಿ ಹೋದರು. ಅಣ್ಣಾಜಿ ಇಂಜಿನ್ನನ್ನು ಬಿಚ್ಚಿ, ಪಕ್ಕದ ಹಳಿಯಿಂದ ತಂದು, ಡಬ್ಬಿಗಳ ಇನ್ನೊಂದು ತುದಿಗೆ ಕಟ್ಟಿದರು. ಹಿಂದುಮುಂದಾಗಿ ಎಳೆಯಬೇಕು, ಅಷ್ಟೇ. ಅಪ್ಪ ಖಾಲಿ ಡಬ್ಬಿಯಲ್ಲಿ ಒಬ್ಬರೇ ಕೂತರು. ಕಾಕಾ ಬಸ್ಸಿನಲ್ಲೇ ಜಿನ್ನಿನವರೆಗೆ ಹೋಗಿ ತಮ್ಮ ಕಾರು ಹತ್ತಬಹುದಿತ್ತು. ಹೋಗಲಿಲ್ಲ. ಈ ಸಲ ಯಾರೂ ಹೇಳದೆಯೇ ಅಜ್ಜಿಯನ್ನು ಹತ್ತಿಸಿ ತಾವೂ ಇಂಜಿನ್ ಹತ್ತಿದರು. ಪ್ರಯಾಣಿಕರೇ ಇಲ್ಲದ ರೈಲಿಗೆ ಗಾರ್ಡು ಯಾಕೆ ಎಂದು ನಾನೂ ಅಲ್ಲೇ ಹತ್ತಿದೆ. ನಾಳೆ ಗುಜರಿಗೆ ಹೋಗುವ ಇಂಜಿನ್ನನ್ನು ಒಮ್ಮೆಯಾದರೂ ಒಳಗಿನಿಂದ ನೋಡೋಣ ಎನಿಸಿತು.

ಒಳಗೆ ನಾಲ್ವರಿಗೆ ಉಸಿರಾಡುವಷ್ಟೇ ಜಾಗ. ಮುಖಕ್ಕೆ ಬೆಂಕಿಯ ಕಾವು, ಬೆನ್ನಿಗೆ ಹೊಳೆಯ ಗಾಳಿ. ತಲೆಯ ಮೇಲೆ ಸೀಟಿಯ ಸರಪಳಿ ತೂಗುತ್ತಿತ್ತು. ರೈಲು ಹೊರಟ ಕೂಡಲೇ ಕಾಕಾ ಕೈ ಎತ್ತಿ ಅದನ್ನು ಜಗ್ಗಿದರು. ಬರುವಾಗ ಕೂಗಿಸಿದವರು ಯಾರು ಎಂದು ಆಗ ತಿಳಿಯಿತು.

ದಿಬ್ಬ ಬಂತು. ಅಜ್ಜಿ ಚೀಲದ ತಳದಲ್ಲಿ ಉಳಿದ ಗುಂಟೂರು ಕಾಯಿಯನ್ನು ಬೆಂಕಿಗೂಡಿನ ಪಕ್ಕ ಇಟ್ಟುಕೊಂಡಿದ್ದ ತಾಟಿಗೆ ಸುರಿದುಕೊಂಡಳು.

“ಅಜ್ಜಿ, ಸಾಕ ಮಾಡು,” ಎಂದೆ.

“ಘಾಟ ಇನ್ನೂ ಬಂದಿಲ್ಲವಾ. ಅರ್ಧಕ್ಕ ಬಿಟ್ರ ದೃಷ್ಟಿ ಹಂಗ ಉಳೀತೈತಿ,” ಎಂದು ಎಲ್ಲವನ್ನೂ ಬೆಂಕಿಗೆ ಸುರಿದಳು.

ನಾನು ಸೆರಗು ಮುಖಕ್ಕೆ ಒತ್ತಿ ಕಣ್ಣು ಮುಚ್ಚಿ ನಿಂತೆ. ಏನೂ ಆಗಲಿಲ್ಲ. ಸೆರಗು ಸರಿಸಿದೆ. ಬಿಸಿ ಕಬ್ಬಿಣದ ವಾಸನೆ, ಎಣ್ಣೆಯ ವಾಸನೆ, ಅಜ್ಜಿಯ ತಲೆಯ ಕೊಬ್ಬರಿ ಎಣ್ಣೆಯ ವಾಸನೆ. ಘಾಟು ಹೆಸರಿಗೂ ಇಲ್ಲ. ಆಗ ಹಿಂದಿನ ಡಬ್ಬಿಯಿಂದ ಅಪ್ಪ ಸೀನಿದ್ದು ಕೇಳಿಸಿತು.

“ಇಲ್ಲೆ ಹ್ಯಾಂಗ ಬರತದರಿ ಅವ್ವಾರ?” ಎಂದರು ಅಣ್ಣಾಜಿ, ಬಾಯ್ಲರಿನ ನೀರಿನ ಮಟ್ಟ ತೋರಿಸುವ ಗಾಜಿನ ಮೇಲಿನ ಕಣ್ಣು ತೆಗೆಯದೆ. “ಬೆಂಕ್ಯಾಗ ಹಾಕಿದ್ದನ್ನೆಲ್ಲಾ ಚಿಮಣಿ ಜಗ್ಗಿಕೊಂಡು ಹಿಂದಿನ ಡಬ್ಬಿ ಮ್ಯಾಲೆ ಉಗುಳತದ. ಇಂಜಿನ್ನಾಗ ನಿಂತವಗ ಒಂಚೂರೂ ಹತ್ತಂಗಿಲ್ಲ.”

“ಬರೋವಾಗ ಯಾಕ ಹೇಳಲಿಲ್ರಿ?” ಎಂದೆ ನಾನು.

“ನನಗ ಮೂಗ ಎಲ್ಲದವಾ? ಮಂದಿ ನೀರಿಗೆ ಹಾರಿದ್ ಮ್ಯಾಲ ತಿಳೀತು.”

ನಾನು ನಗಬೇಕೆಂದು ಕಾಕಾನ ಕಡೆ ತಿರುಗಿದೆ. ನಗು ಬರಲಿಲ್ಲ. ಬರುವಾಗ ಕಾಕಾ ನಿಂತಿದ್ದು ಇಲ್ಲಿಯೇ. ದಾರಿಯುದ್ದಕ್ಕೂ ಇಲ್ಲಿಯೇ, ಒಂಚೂರೂ ಘಾಟು ಹತ್ತದ ಈ ಜಾಗದಲ್ಲೇ, ಬರಿಗಾಲಿನಲ್ಲಿ. ಈಗಲೂ ಒಂದು ಕೈ ಸರಪಳಿಯ ಮೇಲಿತ್ತು, ಮುಖ ಹೊಲಗಳ ಕಡೆಗಿತ್ತು. ಕಣ್ಣು ಮತ್ತೆ ತುಂಬಿ ಹರಿಯುತ್ತಿತ್ತು. ಐವತ್ತು ದಾಟಿದ ಮನುಷ್ಯ, ಬ್ಯಾಡಗಿಯ ಪೇಟೆಯಲ್ಲಿ ಅವರು ಹೇಳಿದ್ದೇ ದರ. ಹತ್ತಿಯ ಗೊಂಬೆಯ ಕತೆಗೆ ನಾವು ಎಷ್ಟು ಸಲ ನಕ್ಕಿದ್ದೆವು ಎಂದು ನೆನಪಾಗಿ ನನಗೆ ನಾಚಿಕೆಯಾಯಿತು. ನನ್ನ ಕಣ್ಣೂ ತುಂಬಿತು. ನೆಪಕ್ಕೆ ಅಲ್ಲಿ ಘಾಟೂ ಇರಲಿಲ್ಲ.

ಅಜ್ಜಿ ಖಾಲಿ ತಾಟು ಹಿಡಿದುಕೊಂಡು ಮಗನನ್ನೇ ನೋಡುತ್ತಿದ್ದಳು.

“ಮಾಲತೇಶಾ,” ಎಂದಳು. “ನಿನಗರ ಘಾಟ ಬಂತೇನೋ?”

ಕಾಕಾ ತಿರುಗಲಿಲ್ಲ. “ಬಂತವಾ,” ಎಂದರು. “ಭಾಳ ಬಂತು.”

“ಹಂಗಾರ ದೃಷ್ಟಿ ಹೋತು ಬಿಡು,” ಎಂದು ಅಜ್ಜಿ ತಾಟನ್ನು ಬೋರಲು ಹಾಕಿ, ಅದರ ಮೇಲೆ ಕೈಯೂರಿ ಆರಾಮಾಗಿ ಕೂತಳು.

ಹಿಂದಿನಿಂದ ಅಪ್ಪ ಮತ್ತೊಮ್ಮೆ ಸೀನಿದರು. ರೈಲು ದಿಬ್ಬ ಇಳಿದು ಹುಣಸೆಮರ ದಾಟುವಾಗ ಕಾಕಾ ತೋಳಿನಿಂದ ಮುಖ ಒರೆಸಿಕೊಂಡು, ಕಿಸೆಯಿಂದ ಮೊಬೈಲ್ ತೆಗೆದು, ಇಂಜಿನ್ನಿನ ಸದ್ದಿಗಿಂತ ಜೋರಾಗಿ ಮಾತಾಡಿದರು.

“ಹಲೋ, ಗುಡ್ಡಪ್ಪಾ? ನಾ ಮಾಲತೇಶಪ್ಪ. ನಾಳೆ ಲಾರಿ ತಗೊಂಡ ಬಾ. ಹೂಂ, ಜಿನ್ನಿಗೆ. ಆದ್ರ ಖಾಲಿ ಬರಬ್ಯಾಡ, ಒಣಾ ಜಾಲಿ ಕಟ್ಟಿಗಿ ಹೇರಿಕೊಂಡ ಬಾ. ಯಾಕಂದ್ರ? ರೈಲಿಗೋ.”

ಮೊಬೈಲ್ ಕಿಸೆಗೆ ಹಾಕಿಕೊಂಡರು. ಆಮೇಲೆ ಅಣ್ಣಾಜಿಯನ್ನು ಕೇಳದೆಯೇ ಸರಪಳಿ ಜಗ್ಗಿದರು.